ಗ್ರಾವೆಲ್‌ಬರ್ಗ್‌ನ ಹೊಲದಲ್ಲಿ ಮಸೂರ ರಾಶಿ

ಅವರು ಕೊಟ್ಟ ವಿಳಾಸದಲ್ಲಿ ಬೀದಿಯ ಹೆಸರಿರಲಿಲ್ಲ, ಮನೆ ನಂಬರ್ ಇರಲಿಲ್ಲ. ಒಂದು ದಿಕ್ಕು, ಆಮೇಲೆ ಮೂರು ಅಂಕಿ, ಕೊನೆಗೆ 'ಥರ್ಡ್ ಮೆರಿಡಿಯನ್ನಿನ ಪಶ್ಚಿಮಕ್ಕೆ' ಅಂತ ಒಂದು ಬಾಲ. ನೋಡಿದ ಕೂಡಲೇ ಪಹಣಿ ನೆನಪಾಯಿತು. ನಮ್ಮ ನವಲಗುಂದದ ಕಡೆ ಸರ್ವೆ ನಂಬರ್ ಹೇಳಿದರೆ ತಲಾಟಿಗೆ ಹೊಲ ಗೊತ್ತಾಗುತ್ತದೆ, ಮೊಬೈಲಿನ ಮ್ಯಾಪಿಗೆ ಗೊತ್ತಾಗುವುದಿಲ್ಲ. ಇಲ್ಲೂ ಅದೇ ಕಥೆ.

ನಾನಿರುವುದು ಕೆನಡಾದ ರಿಜೈನಾದಲ್ಲಿ. ಆಫೀಸಿನ ಗೆಳೆಯನ ಅಪ್ಪ ಅಮ್ಮ ಗ್ರಾವೆಲ್‌ಬರ್ಗ್ ಹತ್ತಿರ ಬೇಸಾಯ ಮಾಡುತ್ತಾರೆ. ಮಸೂರ ಬೆಳೆಯುತ್ತಾರೆ ಅಂತ ಗೊತ್ತಾದ ಮೇಲೆ ನಾನೇ ಗಂಟು ಬಿದ್ದಿದ್ದೆ, ರಾಶಿಗೆ ಕರೆಯಪ್ಪಾ ಅಂತ. ಜೀವನವಿಡೀ ಮಸೂರ ಬೇಳೆಯ ಸಾರು ಉಂಡವನು ಅದರ ಗಿಡ ನೋಡಿರಲಿಲ್ಲ. ಆಗಸ್ಟ್ ಕೊನೆಯ ಒಂದು ಶನಿವಾರ ಹೊರಟೆ.

ಮೂಸ್ ಜಾ ಊರು ದಾಟಿದ ಮೇಲೆ ನೆಲ ಅಂಗೈಯ ಹಾಗೆ. ನಮ್ಮ ಎರೆ ಸೀಮೆಯಲ್ಲಿ ಬೆಳೆದವನಿಗೆ ಮರವಿಲ್ಲದ ಬಯಲು ಹೊಸದಲ್ಲ. ಆದರೆ ಅಲ್ಲಿ ದೂರದಲ್ಲಿ ಒಬ್ಬನಾದರೂ ಎತ್ತು ಹೊಡೆದುಕೊಂಡು ಹೋಗುತ್ತಿರುತ್ತಾನೆ ಅಲ್ವಾ. ಇಲ್ಲಿ ಒಂದು ಗಂಟೆಯಲ್ಲಿ ನಾನು ಕಂಡದ್ದು ನಾಲ್ಕು ಗಾಡಿ. ನಾಲ್ಕರ ಡ್ರೈವರುಗಳೂ ಸ್ಟೀರಿಂಗ್ ಮೇಲಿಂದ ಒಂದೇ ಬೆರಳು ಎತ್ತಿ ನಮಸ್ಕಾರ ಮಾಡಿದರು. ಮೂರನೆಯವನ ಹೊತ್ತಿಗೆ ನನಗೂ ಆ ಬೆರಳು ಎತ್ತುವುದು ಬಂತು.

ಈ ಬಯಲನ್ನೆಲ್ಲ 1870ರ ದಶಕದಿಂದ ಚೌಕ ಚೌಕವಾಗಿ ಅಳೆದಿದ್ದಾರೆ. ಒಂದು ಚೌಕ ಒಂದು ಮೈಲಿ ಉದ್ದ, ಒಂದು ಮೈಲಿ ಅಗಲ, 640 ಎಕರೆ. ಅದರ ಕಾಲು ಭಾಗ, 160 ಎಕರೆ, ವಲಸೆ ಬಂದವರಿಗೆ 10 ಡಾಲರ್ ಶುಲ್ಕಕ್ಕೆ ಸಿಗುತ್ತಿತ್ತು. ಮನೆ ಕಟ್ಟಿ ಉಳುಮೆ ಮಾಡಿ ತೋರಿಸಬೇಕು, ಅಷ್ಟೇ. ರಸ್ತೆಗಳೂ ಆ ಚೌಕದ ಗೆರೆಯ ಮೇಲೇ, ನೂಲು ಹಿಡಿದ ಹಾಗೆ ನೇರ. ಆದರೆ ಭೂಮಿ ಉಂಡೆ. ಉತ್ತರಕ್ಕೆ ಹೋದಂತೆ ಗೆರೆಗಳು ಹತ್ತಿರವಾಗುತ್ತವೆ. ಅದಕ್ಕೇ ಪ್ರತಿ 24 ಮೈಲಿಗೆ ಒಂದು ಕಡೆ ರಸ್ತೆ ಪಕ್ಕಕ್ಕೆ ಸರಿದು ಮತ್ತೆ ನೇರವಾಗುತ್ತದೆ. ನನಗೆ ಇದು ಗೊತ್ತಿರಲಿಲ್ಲ. ನೇರ ರಸ್ತೆ ಥಟ್ಟನೆ ಮುಗಿಯಿತು, ನಾನು ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋದೆ, ಎಂಟು ಮೈಲಿ ಧೂಳು ಕುಡಿದೆ. ಭೂಮಿ ಉಂಡೆಯಾಗಿರುವ ಕಾರಣಕ್ಕೆ ದಾರಿ ತಪ್ಪಿದ ಮೊದಲ ನವಲಗುಂದದವನು ನಾನೇ ಇರಬೇಕು. ಕೊನೆಗೆ ಒಂದು ಪಿಕಪ್ ನಿಂತಿತು. ಅಂಕಿ ತೋರಿಸಿದೆ. ಅವನು ಕಾಗದ ನೋಡಿ ಯಜಮಾನರ ಹೆಸರು ತಾನೇ ಹೇಳಿದ, ಅಂಗಳದವರೆಗೂ ಮುಂದೆ ಮುಂದೆ ಬಂದು ಬಿಟ್ಟು ಹೋದ.

ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. 'ಇಬ್ಬನಿ ಇನ್ನೂ ಆರಿಲ್ಲ. ಹನ್ನೊಂದರ ತನಕ ಏನೂ ನಡೆಯಲ್ಲ, ಊರು ನೋಡಿಕೊಂಡು ಬಾ' ಅಂದರು. ಊರೆಂದರೆ ಸಾವಿರ ಜನ. ಇಂಗ್ಲಿಷಿನಲ್ಲಿ ಜಲ್ಲಿಗೆ ಗ್ರಾವೆಲ್ ಅನ್ನುತ್ತಾರಲ್ಲ, ಜಲ್ಲಿ ರಸ್ತೆ ನೋಡಿ ನೋಡಿ ಊರಿನ ಹೆಸರೂ ಅದರಿಂದಲೇ ಬಂದಿದೆ ಅಂದುಕೊಂಡಿದ್ದೆ. ಅಲ್ಲವಂತೆ. 1906ರಲ್ಲಿ ಫ್ರೆಂಚ್ ಮಾತಾಡುವ ಜನರನ್ನು ಇಲ್ಲಿ ನೆಲೆಗೊಳಿಸಿದ ಪಾದ್ರಿ ಲೂಯಿ ಪಿಯೆರ್ ಗ್ರಾವೆಲ್ ಅವರ ಹೆಸರು. ಊರಿನ ಆಡಳಿತ ಬೇರೆ, ಸುತ್ತಲಿನ ಹೊಲಗಳ ಗ್ರಾಮೀಣ ಮುನಿಸಿಪಾಲಿಟಿ ಬೇರೆ. ಅದಕ್ಕೆ 104 ಅಂತ ನಂಬರ್ ಇದೆ. ಅದರ ಮುಖ್ಯಸ್ಥರಿಗೆ ರೀವ್ ಅನ್ನುತ್ತಾರೆ, ನಮ್ಮ ಪಂಚಾಯ್ತಿ ಅಧ್ಯಕ್ಷರಿದ್ದ ಹಾಗೆ. ರಸ್ತೆಗೆ ಜಲ್ಲಿ ಹಾಕಿಸುವುದೇ ದೊಡ್ಡ ಕೆಲಸ, ಬೈಗುಳ ತಿನ್ನುವುದೂ ಅದಕ್ಕೇ.

ಇಷ್ಟು ಸಣ್ಣ ಊರಿನಲ್ಲಿ ಒಂದು ಭಾರಿ ಚರ್ಚು. ಎರಡು ಗೋಪುರ. ಸುತ್ತ ಗೋಧಿ ಹೊಲವಿರುವಾಗ ಅದು ಹಡಗಿನ ಹಾಗೆ ಕಾಣುತ್ತದೆ. 1918–19ರಲ್ಲಿ ಕಟ್ಟಿದ್ದು. ಒಳಗೆ ಗೋಡೆ, ಚಾವಣಿ ಎಲ್ಲ ಚಿತ್ರ. ಬರೆದವರು ಹೊರಗಿನಿಂದ ಕರೆಸಿದ ಕಲಾವಿದರಲ್ಲ, ಅಲ್ಲಿನ ಪಾದ್ರಿ ಶಾರ್ಲ್ ಮೈಯಾರ್. 1921ರಿಂದ 1931ರವರೆಗೆ, ಹತ್ತು ವರ್ಷ. ನಾನು ಹೋದಾಗ ಒಳಗೆ ಇನ್ನೊಬ್ಬರು ಇರಲಿಲ್ಲ. ಅಷ್ಟು ಬೆಂಚು ಖಾಲಿ ನೋಡಿ ಯಾಕೋ ಜಾಸ್ತಿ ಹೊತ್ತು ಕೂರಲು ಆಗಲಿಲ್ಲ.

ಹೊಲಕ್ಕೆ ಬಂದರೆ ಗಿಡ ಮೊಣಕಾಲಿಗೂ ಬರುವುದಿಲ್ಲ. ಚಪ್ಪಟೆ ಪುಟ್ಟ ಕಾಯಿ, ಒಳಗೆ ಒಂದೋ ಎರಡೋ ಕಾಳು, ಬಣ್ಣ ಮಣ್ಣಿನದು. ಕೆಂಪು ಎಲ್ಲಾ ಸಿಪ್ಪೆಯೊಳಗೆ. ಗಿಡ ಇಷ್ಟು ಕುಳ್ಳಗಿದ್ದರೆ ಕೊಯ್ದು ರಾಶಿ ಮಾಡುವ ಕಂಬೈನ್ ಯಂತ್ರದ ಬಾಯಿ ನೆಲ ಸವರಿಕೊಂಡೇ ಹೋಗಬೇಕು. ಅಲ್ಲೇ ಕಷ್ಟ. ಹಿಮಯುಗ ಬಿಟ್ಟುಹೋದ ಕಲ್ಲುಗಳು ನೆಲದ ತುಂಬ ಇವೆ, ಪ್ರತಿ ಚಳಿಗಾಲ ಹೆಪ್ಪುಗಟ್ಟಿದ ಮಣ್ಣು ಹೊಸ ಕಲ್ಲನ್ನು ಮೇಲೆ ತಳ್ಳುತ್ತದೆ. ದೊಡ್ಡವನ್ನು ಆರಿಸಿ ಮೂಲೆಗೆ ರಾಶಿ ಹಾಕುತ್ತಾರೆ. ಸಣ್ಣವನ್ನು ಬಿತ್ತಿದ ಮೇಲೆ ಕಬ್ಬಿಣದ ರೋಲರ್ ಎಳೆದು ನೆಲಕ್ಕೆ ಒತ್ತುತ್ತಾರೆ. ಆದರೂ ಒಂದು ತಪ್ಪಿಸಿಕೊಂಡಿತ್ತು. ಕಂಬೈನಿನ ಕ್ಯಾಬಿನಲ್ಲಿ ನಾನು ಪಕ್ಕದ ಸೀಟಿನಲ್ಲಿದ್ದೆ. ಕೆಳಗೆ ಢಣ್ ಅಂತ ಸದ್ದು. ಯಜಮಾನರು ಬೈಯಲಿಲ್ಲ. ನಿಲ್ಲಿಸಿ, ಇಳಿದು, ಕಲ್ಲು ತೆಗೆದು, ಬಾಗಿದ ಹಲ್ಲನ್ನು ಸುತ್ತಿಗೆಯಿಂದ ಕುಟ್ಟಿ ಹತ್ತಿದರು. ಹತ್ತು ನಿಮಿಷ.

ಇವರ ಅಪ್ಪನ ಕಾಲದಲ್ಲಿ ಒಂದು ವರ್ಷ ಗೋಧಿ, ಮರುವರ್ಷ ಹೊಲ ಬೀಳು. ಸಸ್ಕ್ಯಾಚವಾನ್ ವಿಶ್ವವಿದ್ಯಾಲಯದ ಆಲ್ ಸ್ಲಿಂಕಾರ್ಡ್ 1978ರಲ್ಲಿ ಲೇರ್ಡ್ ಅನ್ನುವ ಮಸೂರ ತಳಿ ಕೊಟ್ಟ ಮೇಲೆ ಆ ಬೀಳು ವರ್ಷಕ್ಕೂ ಬೆಳೆ ಬಂತು, ನೆಲಕ್ಕೆ ಸಾರಜನಕವೂ ಬಂತು. 'ನೀವು ತಿನ್ನುತ್ತೀರಾ?' ಅಂತ ಕೇಳಿದೆ. 'ಯಾವಾಗಲೋ ಸೂಪಿನಲ್ಲಿ' ಅಂದರು.

ಆಮೇಲೆ ಅವರೇ ಶುರು ಮಾಡಿದರು. 2017ರ ನವೆಂಬರಿನಲ್ಲಿ ಭಾರತ ಬಟಾಣಿಗೆ ಶೇ 50 ಆಮದು ಸುಂಕ ಹಾಕಿದ್ದು, ಡಿಸೆಂಬರಿನಲ್ಲಿ ಮಸೂರಕ್ಕೆ ಶೇ 30 ಹಾಕಿದ್ದು, 2023ರ ಡಿಸೆಂಬರಿನಲ್ಲಿ ಹಳದಿ ಬಟಾಣಿಯ ಸುಂಕ ತೆಗೆದಿದ್ದು. ತಿಂಗಳ ಸಮೇತ ಬಾಯಿಪಾಠ. ದಿಲ್ಲಿಯಲ್ಲಿ ಏನಾಗುತ್ತದೆ ನೋಡಿ ಇವರು ವಸಂತದಲ್ಲಿ ಏನು ಬಿತ್ತುವುದು ಅಂತ ತೀರ್ಮಾನ ಮಾಡುತ್ತಾರೆ. 'ನಿಮ್ಮವರು ಯಾವಾಗ ಏನು ಮಾಡುತ್ತಾರೋ ಹೇಳಕ್ಕಾಗಲ್ಲ' ಅಂದರು, ನಾನೇ ಸಹಿ ಹಾಕಿದ ಹಾಗೆ.

ನನಗೆ ಅಪ್ಪನ ಮಾತು ನೆನಪಾಗುತ್ತಿತ್ತು. 'ಬಟಾಣಿ ಬಂತಂದ್ರ ಕಡಲಿ ರೇಟ್ ಬಿತ್ತು ಅಂತನ ತಿಳ್ಕೋ.' ಇವರಿಗೆ ಬಿದ್ದ ಹೊಡೆತ ಅಪ್ಪನಿಗೆ ನೆಮ್ಮದಿ. ಸುಮ್ನೆ ಇರಬಹುದಿತ್ತು. ಆದರೂ ಹೇಳಿಬಿಟ್ಟೆ, ನಮ್ಮಪ್ಪನೂ ಕಡಲೆ ಬೆಳೆಯುತ್ತಾರೆ ಅಂತ. ಕ್ಯಾಬಿನಲ್ಲಿ ಸ್ವಲ್ಪ ಹೊತ್ತು ಎಂಜಿನ್ ಮಾತ್ರ ಮಾತಾಡಿತು.

'ಎಷ್ಟು ಎಕರೆ?'

'ನಾಲ್ಕು.'

ನಗುತ್ತಾರೇನೋ ಅಂದುಕೊಂಡೆ. 'ಮಳೆ ಹೇಗಿದೆ ಅಲ್ಲಿ?' ಅಂತ ಕೇಳಿದರು.

ಸಂಜೆ ಆರಕ್ಕೆ ಅವರ ಹೆಂಡತಿ ಪಿಕಪ್ಪಿನಲ್ಲಿ ಊಟ ತಂದರು. ಹಿಂದಿನ ಬಾಗಿಲು ಇಳಿಸಿದರೆ ಅದೇ ಮೇಜು. ಆಲೂಗಡ್ಡೆ, ಬೀನ್ಸ್, ದನದ ಮಾಂಸ, ಆಮೇಲೆ ಸಸ್ಕಟೂನ್ ಹಣ್ಣಿನ ಪೈ. ನಾನು ಮಾಂಸ ಬಿಟ್ಟು ಪೈ ಎರಡು ಸಲ ತಿಂದೆ. ಯಜಮಾನರು, ಮಗ, ಲಾರಿ ಓಡಿಸುವ ಹುಡುಗ ಹದಿನೈದು ನಿಮಿಷದಲ್ಲಿ ಉಂಡು ಎದ್ದರು. ರಾತ್ರಿ ತನಕ ದೀಪ ಹಾಕಿಕೊಂಡು ಓಡಿಸುತ್ತಾರೆ.

ಎಂಟೂವರೆಗೆ ಹೊಲದ ಅಂಚಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಎಂಟು. ಹೆಸರುಕಾಯಿ ಬಿಡಿಸಲು ಆಳು ಸಿಗುತ್ತಿಲ್ಲ ಅಂತ ಸಿಟ್ಟಿನಲ್ಲಿದ್ದರು. ದೂರದಲ್ಲಿ ಓಡುತ್ತಿದ್ದ ಕಂಬೈನಿನ ದೀಪ ವಿಡಿಯೋದಲ್ಲಿ ತೋರಿಸಿದೆ.

'ಎಷ್ಟ ಎಕರೆ ಐತಿ?'

'ಐದು ಸಾವಿರ, ಅಪ್ಪಾ.'

'ಆಳು?'

'ಮೂರ್ ಮಂದಿ.'

ಸ್ವಲ್ಪ ಹೊತ್ತು ಸುಮ್ಮನಿದ್ದರು.

'ಬುತ್ತಿ ಯಾರ್ ತರ್ತಾರ ಮತ್ತ?'