ಬೇಲಿ ಮೇಲಿನ ಹಲಸಿನ ಮರ

ಶಿರಸಿಯ ಮಳೆಗಾಲ, ಪಿಯುಸಿ ಮೊದಲ ವರ್ಷ. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಹಿಂದಿನ ಬೆಂಚಿನವರಿಗೆ ಪಾಠವೇ ಕೇಳುತ್ತಿರಲಿಲ್ಲ. ನನಗೆ ಅದೇ ಅನುಕೂಲ. ಒಂದು ಪರಮಾಣು ಲೆಕ್ಕಕ್ಕೆ ಎಷ್ಟು ಎಲೆಕ್ಟ್ರಾನು ಕೊಟ್ಟಿತು (ಪ್ಲಸ್), ಎಷ್ಟು ಪಡೆಯಿತು (ಮೈನಸ್) ಅಂತ ಹೇಳುವುದು ಆಕ್ಸಿಡೇಶನ್ ನಂಬರ್. ಅದಕ್ಕೆ ಆಕ್ಸಿಜನ್‌ಗೆ ಮೈನಸ್ ಎರಡು, ಉಳಿದದ್ದು ಕೂಡಿಸಿ ಕಳೆದರಾಯಿತು ಅಂದುಕೊಂಡಿದ್ದೆ.

ಒಂದು ದಿನ ಕೆಮಿಸ್ಟ್ರಿ ಸರ್ ಹೈಡ್ರೋಜನ್ ಪೆರಾಕ್ಸೈಡ್ ಬರೆದು ನನ್ನನ್ನೇ ಎಬ್ಬಿಸಿದರು. ಆಕ್ಸಿಜನ್ ಎರಡಿವೆ, ಒಟ್ಟು ಮೈನಸ್ ನಾಲ್ಕು. ಹಾಗಾದರೆ ಎರಡು ಹೈಡ್ರೋಜನ್‌ಗೆ ತಲಾ ಪ್ಲಸ್ ಎರಡು. ಧೈರ್ಯವಾಗಿ ಹೇಳಿಬಿಟ್ಟೆ.

"ತಮಾ, ಹೈಡ್ರೋಜನ್ ಹತ್ರ ಇರೋದೇ ಒಂದು ಎಲೆಕ್ಟ್ರಾನು. ಎರಡು ಎಲ್ಲಿಂದ ತಂದು ಕೊಡ್ತು?"

ಇಡೀ ಕ್ಲಾಸು ನಕ್ಕಿತು. ಸರ್ ಮಾತ್ರ ನಗದೆ ಬೋರ್ಡಿನ ಮೇಲೆ ಎರಡು ತೋಟ, ನಡುವೆ ಬೇಲಿ, ಬೇಲಿ ಮೇಲೊಂದು ಹಲಸಿನ ಮರ ಬಿಡಿಸಿದರು. (ನೋಡಲು ಕೊಡೆಯ ಹಾಗಿತ್ತು.) "ಮರದಲ್ಲಿ ಎರಡು ಹಣ್ಣು. ಲೆಕ್ಕಕ್ಕೆ ಒಬ್ಬೊಬ್ಬರಿಗೆ ಒಂದೊಂದು. ಆದ್ರೆ ಜೋರು ಜಾಸ್ತಿ ಇದ್ದವ ಎರಡನ್ನೂ ಹೊತ್ಕೊಂಡು ಹೋಗ್ತಾನೆ, ಅಲ್ವಾ?"

ಮರ ಅಂದರೆ ಎರಡು ಪರಮಾಣುಗಳ ನಡುವಿನ ಬಾಂಡು, ಹಣ್ಣು ಅಂದರೆ ಅವು ಹಂಚಿಕೊಂಡ ಎರಡು ಎಲೆಕ್ಟ್ರಾನು. ಆ ಜೋರೇ ಎಲೆಕ್ಟ್ರೋನೆಗೆಟಿವಿಟಿ. ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ 1932ರಲ್ಲಿ ಅದಕ್ಕೊಂದು ಅಳತೆ ಕೊಟ್ಟ. ಈಗಿನ ಪಟ್ಟಿಯಲ್ಲಿ ಹೈಡ್ರೋಜನ್ 2.20, ಆಕ್ಸಿಜನ್ 3.44, ಫ್ಲೋರಿನ್ 3.98. ಪೆರಾಕ್ಸೈಡಿನಲ್ಲಿ ಪ್ರತಿ ಆಕ್ಸಿಜನ್ನೂ ತನ್ನ ಪಕ್ಕದ ಹೈಡ್ರೋಜನ್ ಪಾಲಿನ ಹಣ್ಣು ಎತ್ತುತ್ತದೆ. ಆದರೆ ಎರಡು ಆಕ್ಸಿಜನ್ ನಡುವಿನ ಮರದಲ್ಲಿ ಇಬ್ಬರದೂ ಸಮ ಜೋರು, ತಂತಮ್ಮ ಹಣ್ಣು ತಂತಮ್ಮ ಮನೆಗೆ. ಹಾಗಾಗಿ ಮೈನಸ್ ಒಂದೇ. ಫ್ಲೋರಿನ್ ಪಕ್ಕಕ್ಕೆ ಬಂತೋ, ಆಕ್ಸಿಜನ್‌ದೂ ಆಟ ನಡೆಯುವುದಿಲ್ಲ. ಆಕ್ಸಿಜನ್ ಡೈಫ್ಲೋರೈಡಿನಲ್ಲಿ ಅದು ಪ್ಲಸ್ ಎರಡು. ಹಣ್ಣು ಪೂರ್ತಿ ಹೊತ್ತೊಯ್ಯುವುದು ಬರೀ ಲೆಕ್ಕಕ್ಕೆ, ನಿಜದಲ್ಲಿ ಸ್ವಲ್ಪ ಎಳೆದುಕೊಳ್ಳುತ್ತದೆ ಅಷ್ಟೇ ಅಂತ ಸರ್ ಎರಡೆರಡು ಸಲ ಹೇಳಿದ್ದರು. ಅದು ನನ್ನ ತಲೆಗೆ ಹೋಗಿದ್ದು ಡಿಗ್ರಿಗೆ ಬಂದ ಮೇಲೆ.

ಆ ಶನಿವಾರ ಊರಿಗೆ ಹೋದೆ. ಮಳೆ ಹೊಳವಾಗಿತ್ತು, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಅಪ್ಪಯ್ಯ ಡ್ರಮ್ಮಿಗೆ ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿದ. ಅಲಗಿಗೆ ತೆಳ್ಳಗೆ ಕೆಂಪು ಬಣ್ಣ ಹತ್ತಿತ್ತು. ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಅಡಿಕೆ ಸುಟ್ಟೀತು. ಆ ಕೆಂಪನ್ನು ಸಣ್ಣವನಿದ್ದಾಗಿಂದ ನೋಡಿದ್ದೆ, ಸುಮ್ನೆ ತುಕ್ಕು ಅಂದುಕೊಂಡಿದ್ದೆ. ಅದು ತಾಮ್ರ! ಮೈಲುತುತ್ತದಲ್ಲಿ ಪ್ಲಸ್ ಎರಡಾಗಿದ್ದ ತಾಮ್ರ ಕಬ್ಬಿಣದಿಂದ ಎರಡು ಎಲೆಕ್ಟ್ರಾನು ಕಿತ್ತುಕೊಂಡು, ಸೊನ್ನೆಯಾಗಿ ಅಲಗಿಗೆ ಕೂತಿದೆ. ಕಬ್ಬಿಣ ಪ್ಲಸ್ ಎರಡಾಗಿ ನೀರಿಗಿಳಿದಿದೆ.

ಅಪ್ಪಯ್ಯನಿಗೆ ಇದನ್ನೆಲ್ಲ ಹಲಸಿನ ಹಣ್ಣಿನ ಸಮೇತ ವಿವರಿಸಿದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಪೈಪು ಹಿಡಿದು ಕಾಯುತ್ತಿದ್ದ.

"ಅದೆಲ್ಲ ಇರ್ಲಿ," ಅಂದ ಅಪ್ಪಯ್ಯ, "ಮೊದ್ಲು ಸುಣ್ಣ ತಗಂಬಾ."