ಬೇರಿನ ಸೇತುವೆ ನೋಡೋಕೆ ಹೋಗಿದ್ದೆ

ನಮ್ಮ ದೇಶ ಎಷ್ಟು ದೊಡ್ಡದು ಅಂತ ಗೊತ್ತಾಗೋದು ಓಡಾಡಿದಾಗಲೇ. ಜನವರಿಯಲ್ಲಿ ಗುಜರಾತಿನ ಕಛ್‌ನ ರಣ್‌ಗೆ ಹೋಗಿದ್ದೆ, ಕಣ್ಣು ಹಾಯಿಸಿದಷ್ಟೂ ಬಿಳಿ ಉಪ್ಪು. ಮಳೆಗಾಲದಲ್ಲಿ ಅಲ್ಲೆಲ್ಲಾ ನೀರು ನಿಂತಿರುತ್ತೆ.

ಆದರೆ ಮನಸ್ಸಲ್ಲಿ ಉಳಿದಿರೋದು ಮೇಘಾಲಯ. ಚಿರಾಪುಂಜಿ ಹತ್ತಿರದ ಟಿರ್ನಾ ಊರಿಂದ ನೊಂಗ್ರಿಯಾಟ್‌ಗೆ 3,000ಕ್ಕೂ ಜಾಸ್ತಿ ಮೆಟ್ಟಿಲು ಇಳಿಯಬೇಕು. ಮೊಣಕಾಲು ನಡುಗುತ್ತೆ, ನಿಧಾನವಾಗಿ ಇಳಿಯಿರಿ. ಕೆಳಗೆ ಹಳ್ಳದ ಮೇಲೆ ಎರಡಂತಸ್ತಿನ ಸೇತುವೆ, ಅದೂ ಜೀವಂತ ಬೇರಿನದು! ಖಾಸಿ ಜನ ಆಲದ ಜಾತಿಯ ರಬ್ಬರ್ ಮರದ ಬೇರುಗಳನ್ನು ಟೊಳ್ಳು ಮಾಡಿದ ಅಡಿಕೆ ದಬ್ಬೆಯೊಳಗೆ ಹಾಯಿಸಿ, ಆಚೆ ದಡ ಮುಟ್ಟಿಸಿ, ಅದು ಗಟ್ಟಿಯಾಗಿ ಮನುಷ್ಯರನ್ನು ಹೊರೋವರೆಗೆ ಎಷ್ಟೋ ವರ್ಷ ಕಾಯುತ್ತಾರೆ. ಅಡಿಕೆ ದಬ್ಬೆ ಅಂದ ಕೂಡಲೇ ಮಲೆನಾಡಿನವಳಾದ ನನಗೆ ಮನೆ ತೋಟ ಕಣ್ಣ ಮುಂದೆ ಬಂತು. ನಾವು ಅದೇ ದಬ್ಬೆಯಲ್ಲಿ ಅಬ್ಬಿ ನೀರು ತರ್ತಿದ್ವಿ, ಅಲ್ವಾ?

ಕೈಯಿಟ್ಟು ನೋಡಿದೆ. ಬೇರು ತಣ್ಣಗಿತ್ತು. ಸಂದಿಯಲ್ಲಿ ಪಾಚಿ, ಒಂದು ಪುಟ್ಟ ಜರೀಗಿಡ.

ಒಂದೇ ದಿನದಲ್ಲಿ ಹೋಗಿ ಬರಬೇಡಿ. ರಾತ್ರಿ ಕೆಳಗೆ ನೊಂಗ್ರಿಯಾಟ್ ಊರಲ್ಲೇ ಉಳಿಯಿರಿ. ಬೆಳಗ್ಗೆ ಬೇರೆಯವರು ಬರೋ ಮುಂಚೆ ಸೇತುವೆ ಮೇಲೆ ಸುಮ್ನೆ ಕೂತ್ಕೊಳ್ಳಿ, ಕೆಳಗೆ ನೀರು ಹರಿಯೋದು ಬಿಟ್ರೆ ಬೇರೆ ಸದ್ದೇ ಇರಲ್ಲ.