ಬಾಟಲಿಯ ಕತ್ತು ಮುರಿದ ಮಧ್ಯಾಹ್ನ

ಪೋರ್ಚುಗಲ್ಲಿನ ಪೋರ್ಟೊದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. 1886ರ ಲೂಯಿಸ್ ಸೇತುವೆಯ ಮೇಲಟ್ಟದಲ್ಲಿ, ಮೆಟ್ರೊ ಹಳಿಯ ಪಕ್ಕದಲ್ಲೇ ಕೊಡೆ ಹಿಡಿದು ದೋರೊ ನದಿ ದಾಟಿದೆ. ಆಚೆ ದಡ ವಿಲಾ ನೋವಾ ಡಿ ಗಾಯಾ. ಇಳಿಜಾರಿನ ತುಂಬ ಹೆಂಚಿನ ಉಗ್ರಾಣಗಳು. ಒಳನಾಡಿನ ಸುಡುವ ಕಣಿವೆಯ ದ್ರಾಕ್ಷಿಯಿಂದಾದ ಪೋರ್ಟ್ ಎಂಬ ಸಿಹಿ ವೈನ್ ಇಲ್ಲಿ ಕಡಲಿನ ತಂಪಿಗೆ ಮಾಗುತ್ತದೆ. 1986ರವರೆಗೆ ಅದರ ರಫ್ತೂ ಇಲ್ಲಿಂದಲೇ ಆಗಬೇಕಿತ್ತು.

ವೈನ್ ರುಚಿ ನೋಡುವುದೇ ನನ್ನ ಕಸುಬು. ಆದರೂ ಪೋರ್ಟ್ ಎಂದೊಡನೆ ನೆನಪಾಗುವುದು ಗೋವಾಕ್ಕೆ ಹೋದವರು ಬಟ್ಟೆ ನಡುವೆ ಸುತ್ತಿ ತರುತ್ತಿದ್ದ ಅಗ್ಗದ ಸಿಹಿ ಬಾಟಲಿ!

ಉಗ್ರಾಣದ ಹಿರಿಯರು 1977ರ ವಿಂಟೇಜ್, ಅಂದರೆ ಆ ಒಂದೇ ವರ್ಷದ ದ್ರಾಕ್ಷಿಯ ಪೋರ್ಟ್, ತಂದರು. ಮಲಗಿಸಿಟ್ಟಾಗ ಮೇಲಿದ್ದ ಮಗ್ಗುಲಿಗೆ ಸುಣ್ಣದ ಗುರುತು. ಇಷ್ಟು ಹಳೆಯ ಬಿರಡೆ ತಿರುಪು ಹಾಕಿದರೆ ಪುಡಿಪುಡಿ. ಅದಕ್ಕೇ ಕೆಂಪಗೆ ಕಾಸಿದ ಇಕ್ಕಳದಿಂದ ಕತ್ತನ್ನು ಕಚ್ಚಿ ಹಿಡಿದು, ಆಮೇಲೆ ಒದ್ದೆ ಬಟ್ಟೆ ಒತ್ತಿದರು. ಟಕ್! ಕತ್ತು ಬಿರಡೆಸಮೇತ ಕೈಗೆ ಬಂತು. ವಿಂಟೇಜ್ ಪೋರ್ಟ್ ಪೀಪಾಯಿಯಲ್ಲಿರುವುದು ಸುಮಾರು ಎರಡೇ ವರ್ಷ. ಸೋಸದೆ ತುಂಬಿದ ಮೇಲೆ ಬಾಟಲಿಯಲ್ಲೇ ಮುದಿಯಾಗುತ್ತದೆ. ಹಾಗಾಗಿ ತಳದ ಗಸಿ ಕದಡದಂತೆ ಬಲು ನಿಧಾನವಾಗಿ ಬಗ್ಗಿಸಿದರು.

ಲೋಟದ ನಡುವೆ ಮಾಣಿಕ್ಯದ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೊದಲು ಮೂಗಿಗೆ ಬಂದದ್ದು ಬರೀ ಸಾರಾಯಿ. ಹುದುಗು ಮುಗಿಯುವ ಮೊದಲೇ ದ್ರಾಕ್ಷಿಯ ಸಾರಾಯಿ ಸುರಿದು ಸಕ್ಕರೆ ಉಳಿಸಿಕೊಳ್ಳುವ ಪಾನೀಯವಿದು. ಮದ್ಯಾಂಶ ಶೇ 20ರ ಆಸುಪಾಸು. ನಾನು ಮುಖ ಸಿಂಡರಿಸಿದ್ದು ಕಂಡಿತೇನೋ, ಹಿರಿಯರು ಗಡಿಯಾರದತ್ತ ಬೆರಳು ತೋರಿಸಿದರು.

ಅರ್ಧ ಗಂಟೆ ಕಾದೆ. ಒಣ ಅಂಜೂರ ಬಂತು, ಹಿಂದೆಯೇ ಕಿತ್ತಳೆ ಸಿಪ್ಪೆ, ಲವಂಗ. ಆಮೇಲೆ ಅಜ್ಜಿಯ ಮರದ ಪೆಟ್ಟಿಗೆ ತೆರೆದ ವಾಸನೆ. ಬಾಯಲ್ಲಿ ಜೋನಿಬೆಲ್ಲದಷ್ಟು ನುಣುಪು, ಆದರೆ ಅಂಟು ಸಿಹಿಯಲ್ಲ: ಕೆಳಗೊಂದು ಹುಳಿ ಅದನ್ನು ಎತ್ತಿ ಹಿಡಿದಿತ್ತು. ಎಳೆಯ ಪೋರ್ಟ್‌ನಲ್ಲಿ ನಾಲಗೆ ಹಿಂಡುವ ಒಗರು ಇಲ್ಲಿ ಅಡಿಕೆ ಜಗಿದು ಉಗುಳಿದ ಮೇಲೆ ಉಳಿಯುವಷ್ಟೇ. ಕೊನೆಯಲ್ಲಿ ಮಾತ್ರ ಸಾರಾಯಿಯ ಕಾವು ಗಂಟಲಿಗೆ ತುಸು ಚುಚ್ಚಿತು. ವಯಸ್ಸಾದ ವೈನ್ ಎಂದು ಈ ದೋಷಕ್ಕೆ ರಿಯಾಯಿತಿ ಕೊಡಲಾರೆ.

ಜೊತೆಗೆ ಚಾಕೊಲೇಟ್ ಇಟ್ಟಿದ್ದರು, ಮುಟ್ಟಲಿಲ್ಲ. ಪಕ್ಕದ ಮೇಜಿನವರು ಸುರಿದೊಡನೆ ಒಂದೇ ಗುಟುಕಿಗೆ ಮುಗಿಸಿ ಎದ್ದುಹೋದರು. ಅವರು ಕುಡಿದದ್ದು ಆ ಮೊದಲ ಸಾರಾಯಿಯನ್ನಷ್ಟೇ. ನಾನು ಏಳುವಾಗ ಮಳೆ ನಿಂತಿತ್ತು. ಖಾಲಿ ಲೋಟವನ್ನು ಮತ್ತೊಮ್ಮೆ ಮೂಸಿದೆ. ಲವಂಗ ಇನ್ನೂ ಅಲ್ಲೇ ಇತ್ತು.